ಹಗಲು ಗುಡಿಗೆ, ರಾತ್ರಿ ಗೆಳೆಯರಿಗೆ

ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯ ಹಳೆಯ ಗೆಳೆಯರಿಗೆ ಫೋನ್ ಮಾಡಿ ‘ಮುಂದಿನ ವಾರ ನಿಮ್ಮೂರಿಗೆ ಬರ್ತಿದ್ದೀನಿ’ ಅಂದರೆ ‘ಬ್ಯಾಡಪಾ’ ಅನ್ನುವವರು ಸಿಗುವುದಿಲ್ಲ. ‘ಬಾ ಬಾ, ಸೀದಾ ಮನಿಗೇ ಬಾ’ ಎಂಬ ಉತ್ತರ ಬಂದೇ ಬರುತ್ತದೆ. ಒಬ್ಬರೇ ಹೊರಟು, ಗೆಳೆಯರ ಮನೆಗಳಲ್ಲಿ ತಂಗುತ್ತಾ, ನಡುನಡುವೆ ಲಕ್ಕುಂಡಿ, ಬಾದಾಮಿ, ಗೋಲ ಗುಂಬಜ್ ನೋಡಿ ಬರುವ ಪ್ರವಾಸ ಹದ ತಪ್ಪುವುದು ಬಹುಪಾಲು ಇಲ್ಲಿಂದಲೇ. ಆ ‘ಬಾ’ದಲ್ಲಿ ಪ್ರೀತಿ ಇರುತ್ತದೆ, ಮಾಹಿತಿ ಇರುವುದಿಲ್ಲ. ಮನೆಯಲ್ಲಿ ಮಲಗಲು ಜಾಗವಿದೆಯೋ, ಹಾಸಿಗೆ ಹಿಡಿದ ಹಿರಿಯರಿದ್ದಾರೋ, ಗೆಳೆಯನಿಗೆ ಆ ವಾರ ರಜೆ ಸಿಗುತ್ತದೋ ಎಂಬುದು ಅದರಿಂದ ತಿಳಿಯದು.

ಹಾಗಾಗಿ ಕೇಳುವ ರೀತಿಯನ್ನೇ ಬದಲಿಸಬೇಕು. ‘ಗುರುವಾರ ಊರಾಗ ಇರ್ತೀ ಏನು? ನಾ ಲಾಡ್ಜ್ ಮಾಡೀನಿ, ಸಂಜೀಕ ಸಿಗೋಣು’ ಅಂದು ನೋಡಿ. ಮನೆಯಲ್ಲಿ ಅನುಕೂಲ ಇದ್ದವರು ಆ ಕ್ಷಣವೇ ಬೈದು ಲಾಡ್ಜ್ ಬಿಡಿಸುತ್ತಾರೆ. ಅನುಕೂಲ ಇಲ್ಲದವರು ‘ಆತು, ಸಂಜೀಕ ಸಿಗೋಣು’ ಅನ್ನುತ್ತಾರೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಹಾಸ್ಟೆಲಿನಲ್ಲಿ ಒಂದೇ ಚಾಪೆ ಹಂಚಿಕೊಂಡವರ ನಡುವೆ ಇಂಥ ನಾಜೂಕು ಬೇಕೇ ಅನ್ನಿಸಬಹುದು. ಚಾಪೆ ಹಂಚಿಕೊಂಡದ್ದು ಅವನ ಜೊತೆ. ಈಗ ಹೋಗುತ್ತಿರುವುದು ಅವನ ಹೆಂಡತಿ, ಮಕ್ಕಳು, ತಂದೆತಾಯಿ ಇರುವ ಮನೆಗೆ.

ಕಾಲವನ್ನೂ ಹೀಗೇ ಲೆಕ್ಕ ಹಾಕಬೇಕು. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗೆ ಹೋಗಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಿಡಲಾಗುವುದಿಲ್ಲ. ನವೆಂಬರಿನಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯ ಕಾಲ. ಗೆಳೆಯನಿಗೆ ಹೊಲ ಇದ್ದರೆ ಎಳ್ಳ ಅಮಾವಾಸ್ಯೆಗೆ ಹೋಗಿ; ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ (ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಹೊಲದಲ್ಲಿ ಎರಚುತ್ತಾರೆ), ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ, ಕಡಬು ಎಲ್ಲ ಅಲ್ಲೇ. ಹೊಲವಿಲ್ಲದ ಗೆಳೆಯನ ಊರಿನಲ್ಲಿ ಆ ದಿನ ನಿಮಗೆ ಕೆಲಸವಿಲ್ಲ. ಅದಾಗಿ ಕೆಲವು ವಾರ ಕಳೆದರೆ ಸೀತನಿ ಸಿಗುತ್ತದೆ: ಹಾಲುಗಾಳು ಬಲಿಯುತ್ತಿರುವ ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಕಾಳು. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಹೊಲದ ಬದುವಿನ ಮೇಲೆ ಕುಳಿತು ಬಿಸಿಬಿಸಿ ತಿನ್ನಬೇಕು.

ದಾರಿ ಸರಳ: ಹುಬ್ಬಳ್ಳಿ–ಧಾರವಾಡ, ಗದಗ, ಬಾದಾಮಿ, ವಿಜಯಪುರ. ಎಲ್ಲವೂ ಒಂದೇ ರೈಲು ಹಾದಿಯಲ್ಲಿವೆ. ಇದೇ ಹಾದಿಯಲ್ಲಿ ಓಡುವ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ ಮುಟ್ಟುವುದು ನಡುರಾತ್ರಿ ಕಳೆದ ಮೇಲೆ. ನೇರ ಬಾದಾಮಿಗೆ ಹೋಗುವವರಿಗೆ ಅದು ಸರಿ, ಬೆಳಗಾಗುವ ಹೊತ್ತಿಗೆ ಇಳಿಸುತ್ತದೆ. ಮೊದಲ ನಿಲುಗಡೆ ಹುಬ್ಬಳ್ಳಿಯ ಗೆಳೆಯನ ಮನೆಯಾದರೆ ಅದನ್ನು ಹತ್ತಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಅವನನ್ನು ಸ್ಕೂಟರ್ ಹತ್ತಿಸಿದಂತಾಗುತ್ತದೆ. ರಾತ್ರಿ ತಡವಾಗಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಳಗಿನ ಹೊತ್ತಿಗೆ ತಲುಪಿಸುತ್ತದೆ, ಮುಂದೆ ಧಾರವಾಡಕ್ಕೂ ಹೋಗುತ್ತದೆ. ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರ್‌ಗಿಂತ ಮುಂಚೆ 120 ದಿನ ಇತ್ತು). ತತ್ಕಾಲ್ ಹಿಂದಿನ ದಿನ: ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಹೋಗುವ ಮತ್ತು ಮರಳುವ ಎರಡು ರಾತ್ರಿಯ ಟಿಕೆಟ್ ಮಾತ್ರ ಮೊದಲೇ ಮಾಡಿ. ನಡುವಿನ ಪಯಣಗಳು ಒಂದೊಂದೂ ಹೆಚ್ಚೆಂದರೆ ಮೂರ್ನಾಲ್ಕು ತಾಸು, ಜನರಲ್ ಟಿಕೆಟ್ ಅಥವಾ ಬಸ್ಸು ಸಾಕು. ಅವನ್ನೂ ಬಿಗಿಯಾಗಿ ಕಟ್ಟಿಬಿಟ್ಟರೆ ‘ಇನ್ನೊಂದು ದಿನ ಇರು’ ಎಂಬ ಮಾತಿಗೆ ಹೂಂ ಅನ್ನುವ ಸ್ವಾತಂತ್ರ್ಯವೇ ಹೋಗುತ್ತದೆ. ಹೂಂ ಅನ್ನುವುದು ಒಂದು ಊರಿನಲ್ಲಿ ಮಾತ್ರ ಇರಲಿ.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ‘ಪ್ಲಾಟ್‌ಫಾರ್ಮಿನಾಗ ನಿಂತಿರ್ತೀನಿ’ ಎಂದು ಹೇಳುವುದರಲ್ಲಿ ಅರ್ಥವಿಲ್ಲ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ಒಂದೇ ಪ್ಲಾಟ್‌ಫಾರ್ಮಿನಿಂದ ಎರಡು ರೈಲು ಎರಡು ದಿಕ್ಕಿಗೆ ಹೊರಡಲಿ ಎಂದು ಹಾಗೆ ಕಟ್ಟಿದ್ದು. ಹೊರಗಿನ ಮುಖ್ಯ ಬಾಗಿಲಲ್ಲಿ ಸಿಗುವುದೆಂದು ಮಾತಾಡಿಕೊಳ್ಳಿ.

ಹುಬ್ಬಳ್ಳಿ–ಧಾರವಾಡದ ನಡುವೆ 20 ಕಿಲೋಮೀಟರ್. ‘ಚಿಗರಿ’ ಬಸ್ಸುಗಳಿಗೆ ತಮ್ಮದೇ ಹಾದಿ ಇರುವುದರಿಂದ ಟ್ರಾಫಿಕ್ಕಿನ ಚಿಂತೆಯಿಲ್ಲ. ದಾರಿಯಲ್ಲಿ ಉಣಕಲ್ಲಿನಲ್ಲಿ ಇಳಿದರೆ ಮನೆಗಳ ನಡುವೆ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ; ಕೆರೆ ನೋಡಲು ಬರುವವರು ನೂರು ಜನ, ಗುಡಿಗೆ ಬರುವವರು ಹತ್ತು. ಧಾರವಾಡದಲ್ಲಿ ಸಾಧನಕೇರಿಯ ಬೇಂದ್ರೆ ಭವನ, ಮಲ್ಲಿಕಾರ್ಜುನ ಮನ್ಸೂರರ ಮನೆ, ಕರ್ನಾಟಕ ಕಾಲೇಜಿನ ಆವರಣ ನೋಡಲು ಒಂದು ಹಗಲು ಸಾಕು. ಉಳಿದದ್ದೆಲ್ಲ ಚಹಾ ಮತ್ತು ಮಾತು. ಈ ಜೋಡಿ ಊರಿನಲ್ಲಿ ಎರಡು ಗೆಳೆಯರ ಮನೆ ಇರುವುದು ಸಾಮಾನ್ಯ. ಒಬ್ಬರ ಮನೆಯಲ್ಲಿ ರಾತ್ರಿ ಊಟ ಮತ್ತು ಮಲಗುವುದು, ಇನ್ನೊಬ್ಬರ ಮನೆಯಲ್ಲಿ ಬೆಳಗಿನ ನಾಷ್ಟಾ. ಇಬ್ಬರಿಗೂ ಇದನ್ನು ಮೊದಲೇ ಹೇಳಿಡದಿದ್ದರೆ ಒಂದೇ ರಾತ್ರಿ ಎರಡು ಕಡೆ ಉಣ್ಣಬೇಕಾದೀತು.

ಊಟದ ಮಾತು ಬಂತು. ಬೆಂಗಳೂರು, ಮೈಸೂರು ಕಡೆಯಿಂದ ಹೋದವರಿಗೆ ಗೊತ್ತಾಗದ ಸಂಗತಿ ಒಂದಿದೆ. ಅನ್ನ ಸಾರಿನ ಮನೆಯಲ್ಲಿ ಒಬ್ಬರು ಹೆಚ್ಚು ಬಂದರೆ ಇನ್ನೊಂದು ಪಾವು ಅಕ್ಕಿ ಹಾಕಿದರಾಯಿತು. ಜೋಳದ ರೊಟ್ಟಿಯ ಮನೆಯಲ್ಲಿ ಹಾಗಾಗುವುದಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇರುವುದಿಲ್ಲ. ಕುದಿನೀರು ಹಾಕಿ ಕಲಸಿ, ಒಂದೊಂದೇ ಉಂಡೆ ನಾದಿ, ಬಿಸಿ ಇರುವಾಗಲೇ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ ಸುಡಬೇಕು. ಹಿಟ್ಟು ಕಲಸಿಟ್ಟು ಕಾದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಎಂಟಕ್ಕೆ ಬರುತ್ತೇನೆಂದವರು ಹತ್ತಕ್ಕೆ ಬಂದರೆ ಯಾರೋ ಒಬ್ಬರು ಒಲೆಯ ಮುಂದೆ ಎರಡನೇ ಸಲ ಕೂರಬೇಕಾಗುತ್ತದೆ, ಮತ್ತು ಅದನ್ನು ಅವರು ನಿಮ್ಮೆದುರು ಹೇಳುವುದಿಲ್ಲ. ಬಸ್ಸು ತಡವಾದರೆ ತಡವಾಯಿತೆಂದು ತಿಳಿದ ಕೂಡಲೇ ಫೋನ್ ಮಾಡಿ, ‘ಕಟಕ ರೊಟ್ಟಿ ಇದ್ರ ಸಾಕು’ ಅನ್ನಿ. ಒಣಗಿಸಿಟ್ಟ ಕಟಕ ರೊಟ್ಟಿ ಎಲ್ಲರ ಮನೆಯಲ್ಲೂ ಇರುತ್ತದೆ. ಎಣಗಾಯಿ, ಮಡಿಕೆಕಾಳು, ಗುರೆಳ್ಳು ಪುಡಿ, ಕೆಂಪು ರಂಜಕದ (ಮೆಣಸಿನಕಾಯಿ ಚಟ್ನಿಯ) ಖಾರಕ್ಕೆ ಹೊಟ್ಟೆ ಒಗ್ಗಲು ಒಂದು ದಿನ ಬೇಕು. ಮೊದಲ ರಾತ್ರಿ ಎರಡು ರೊಟ್ಟಿಗೆ ನಿಲ್ಲಿಸಿ, ಗಟ್ಟಿ ಮೊಸರು ಕೇಳಿ ಹಾಕಿಸಿಕೊಳ್ಳಿ. ಬೇಡ ಅನ್ನಬೇಕಾದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯದೆ ವಿಧಿಯಿಲ್ಲ. ಬಾಯಿಮಾತನ್ನು ಯಾರೂ ನಂಬುವುದಿಲ್ಲ.

ನೀರಿನ ವಿಷಯವೂ ಅಷ್ಟೇ ಮುಖ್ಯ. ಈ ಭಾಗದ ಅನೇಕ ಊರುಗಳಲ್ಲಿ ನಲ್ಲಿಗೆ ದಿನಾ ನೀರು ಬರುವುದಿಲ್ಲ. ಕೆಲವು ದಿನಗಳಿಗೊಮ್ಮೆ ಬಂದಾಗ ಟಾಕಿ ತುಂಬಿಸಿಟ್ಟುಕೊಂಡಿರುತ್ತಾರೆ. ಮನೆಯವರನ್ನು ಕೇಳದೆ ಬಕೆಟ್ ತುಂಬಾ ಬಟ್ಟೆ ನೆನೆಹಾಕಬಾರದು. ಬಟ್ಟೆ ಒಗೆಯುವುದಕ್ಕೆ, ಸುಮ್ಮನೆ ಬಿದ್ದುಕೊಳ್ಳುವುದಕ್ಕೆ ಬಾದಾಮಿಯ ಲಾಡ್ಜ್ ಇದೆ, ಆ ಮಾತು ಮುಂದೆ ಬರುತ್ತದೆ.

ಗದಗದಲ್ಲಿ ಊರೊಳಗಿನ ತ್ರಿಕೂಟೇಶ್ವರ ಮತ್ತು ಕುಮಾರವ್ಯಾಸ ಕುಳಿತು ಬರೆದನೆಂದು ಕಂಬ ತೋರಿಸುವ ವೀರನಾರಾಯಣ ಗುಡಿಯನ್ನು ಒಂದು ಬೆಳಿಗ್ಗೆಯಲ್ಲಿ ನೋಡಬಹುದು. ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ಬಿಟ್ಟು ಬರಬೇಡಿ. ನಿಜವಾದ ಸಮಯ ಕೊಡಬೇಕಾದದ್ದು ಲಕ್ಕುಂಡಿಗೆ. ಗದಗದಿಂದ ಸುಮಾರು 12 ಕಿಲೋಮೀಟರ್, ಹೊಸಪೇಟೆ ರಸ್ತೆಯ ಮೇಲೆಯೇ ಇದೆ. ಕೊಪ್ಪಳದ ಕಡೆ ಹೋಗುವ ಬಸ್ಸು ಹತ್ತುವ ಮುಂಚೆ ಅಲ್ಲಿ ನಿಲ್ಲಿಸುತ್ತಾರೋ ಎಂದು ಕಂಡಕ್ಟರನ್ನು ಕೇಳಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಬಾಗಿಲುವಾಡದ ಕುಸುರಿಗೆ ಹೆಸರಾದ ಕಾಶಿವಿಶ್ವನಾಥ ಗುಡಿ, ಮುಸುಕಿನ ಬಾವಿ ಎಲ್ಲವೂ ಊರಿನ ಓಣಿಗಳಲ್ಲಿ ಹರಡಿಕೊಂಡಿವೆ. ನಕ್ಷೆಯ ಆ್ಯಪ್ ಹಿಡಿದು ಹುಡುಕುವುದಕ್ಕಿಂತ ಕಟ್ಟೆಯ ಮೇಲೆ ಕೂತವರನ್ನು ಕೇಳುವುದು ಬೇಗ ಆಗುತ್ತದೆ. ಕೆಲವು ಗುಡಿಗೆ ಬೀಗ ಇದ್ದರೆ ಕೀಲಿಕೈ ಯಾರ ಬಳಿ ಇದೆ ಎಂಬುದೂ ಅವರಿಗೇ ಗೊತ್ತು. ಮೂರು ತಾಸು ಇಟ್ಟುಕೊಳ್ಳಿ. ಲಕ್ಕುಂಡಿಯಲ್ಲಿ ಒಬ್ಬರೇ ಇರುವುದು ಲಾಭ: ಬಾಗಿಲುವಾಡದ ಒಂದೊಂದು ಪಟ್ಟಿಕೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಅರ್ಧ ತಾಸು ನಿಂತರೂ ‘ಮುಗೀತಾ’ ಎಂದು ಕೇಳುವವರಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಗೆಳೆಯನನ್ನು ಸ್ಮಾರಕಕ್ಕೆ ಕರೆದೊಯ್ಯಬಾರದು. ಸ್ವಂತ ಊರಿನ ಗುಡಿಯನ್ನು ಅವನು ಶಾಲೆಯ ಟ್ರಿಪ್ಪಿನಲ್ಲಿ, ಬೀಗರು ಬಂದಾಗ, ಮದುವೆಯ ಫೋಟೋಕ್ಕೆ ಹೀಗೆ ಹತ್ತಾರು ಸಲ ನೋಡಿರುತ್ತಾನೆ. ರಜೆ ಹಾಕಿ, ಕಾರು ತೆಗೆದು ಬಂದರೆ ಅವನ ಕಣ್ಣು ಗಡಿಯಾರದ ಮೇಲೆ, ನಿಮ್ಮ ಕಣ್ಣು ಅವನ ಮೇಲೆ. ಗುಡಿಯೂ ಸರಿಯಾಗಿ ಕಾಣುವುದಿಲ್ಲ, ಮಾತೂ ಆಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ಮರಳಿದರೆ ಹಗಲೆಲ್ಲ ಮನೆಯವರಿಗೂ ಬಿಡುವು. ಇನ್ನೊಂದು, ಪೆಟ್ರೋಲಿಗೆ ದುಡ್ಡು ಕೊಡುವ ಜಗ್ಗಾಟ ತಪ್ಪುತ್ತದೆ.

ಈ ನಿಯಮಕ್ಕೆ ವಿಜಯಪುರದಲ್ಲಿ ಒಂದು ಅಪವಾದವಿದೆ. ಅದಕ್ಕೂ ಮುಂಚೆ ಬಾದಾಮಿ.

ಗದಗದಿಂದ ಬಾದಾಮಿಗೆ ರೈಲು ಒಳ್ಳೆಯದು, ಆದರೆ ಸ್ಟೇಷನ್ ಊರಿನಿಂದ 5 ಕಿಲೋಮೀಟರ್ ದೂರ. ರೈಲು ಬಂದಾಗ ಶೇರ್ ಆಟೋಗಳು ತುಂಬಿಕೊಂಡು ಹೊರಟುಬಿಡುತ್ತವೆ, ಕೊನೆಯಲ್ಲಿ ಹೊರಬಂದವರು ಇಡೀ ಆಟೋ ಹಿಡಿಯಬೇಕಾಗುತ್ತದೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ನೇರ ಬರುವವರು ಬೋರ್ಡ್ ಸರಿಯಾಗಿ ಓದಿ: ನರಗುಂದದ ಮೇಲೆ ವಿಜಯಪುರಕ್ಕೆ ಹೋಗುವ ಬಸ್ಸು ಬಾದಾಮಿಯೊಳಗೆ ಬರುವುದಿಲ್ಲ, ಕುಳಗೇರಿ ಕ್ರಾಸಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳು ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ, ಸ್ಲೀಪರ್, ರಾಜಹಂಸಕ್ಕೆ ಇದು ನಡೆಯುವುದಿಲ್ಲ.

ಬಾದಾಮಿಯಲ್ಲಿ ಗೆಳೆಯರಿದ್ದರೂ ಲಾಡ್ಜ್ ಮಾಡಿ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ, ಬಸ್‌ಸ್ಟ್ಯಾಂಡಿನ ಹತ್ತಿರ ಖಾಸಗಿಯವೂ ಇವೆ. ಎರಡು ಮನೆಗಳ ಆತಿಥ್ಯದ ನಡುವೆ ಒಂದೆರಡು ರಾತ್ರಿ ಯಾರೊಂದಿಗೂ ಮಾತಾಡದೆ ಇರದಿದ್ದರೆ ಮೂರನೇ ಮನೆಗೆ ಹೋಗುವ ಹೊತ್ತಿಗೆ ನಿಮ್ಮ ಮುಖವೇ ಬಾಡಿರುತ್ತದೆ. ಎರಡು ರಾತ್ರಿ, ನಡುವೆ ಒಂದು ಪೂರ್ತಿ ಹಗಲು, ಆಚೀಚೆ ಎರಡು ಅರೆಹಗಲು ಲೆಕ್ಕ ಹಾಕಿ. ಬಂದ ಮಧ್ಯಾಹ್ನ ಬಿಸಿಲಿಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಿರಿ. ಅದು ಕೆರೆಯ ಪೂರ್ವ ತುದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ, ಸಂಜೆಯ ಬೆಳಕೆಲ್ಲ ಅದರ ಮೇಲೆ. ಕೆರೆಯ ಈಶಾನ್ಯಕ್ಕೆ ತಟ್ಟುಕೋಟಿ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಆ ತ್ರಿಪದಿಯ ಅಕ್ಷರಗಳನ್ನು ಕಲ್ಲಿನಲ್ಲೇ ನೋಡಬಹುದು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಐಹೊಳೆಯದಕ್ಕೂ, ಗೋಲ ಗುಂಬಜದ ಮುಂದಿನದಕ್ಕೂ ಅದೇ.

ಎರಡನೇ ದಿನ ಪಟ್ಟದಕಲ್ಲು, ಐಹೊಳೆ. ಪಟ್ಟದಕಲ್ಲು 22 ಕಿಲೋಮೀಟರ್, ಐಹೊಳೆ ಅಲ್ಲಿಂದ ಇನ್ನೂ ಮುಂದೆ. ಆಟೋದವರ ಜೊತೆ ಪಟ್ಟದಕಲ್ಲು, ಐಹೊಳೆ, ಮಹಾಕೂಟ ಮೂರೂ ಹೆಸರು ಹೇಳಿ, ಕಾಯುವ ಹೊತ್ತೂ ಸೇರಿಸಿ, ಹತ್ತುವ ಮುನ್ನವೇ ದರ ಮಾತಾಡಬೇಕು. ‘ಎಲ್ಲಾ ತೋರಸ್ತೀನ್ರಿ’ ಎಂಬ ಮಾತಿನಲ್ಲಿ ಮಹಾಕೂಟ ಇರುತ್ತದೆಂದು ಹೇಳಲಾಗದು. ಒಬ್ಬರಿಗೇ ಆಟೋ ದುಬಾರಿ ಅನ್ನಿಸಿದರೆ ಹಿಂದಿನ ಸಂಜೆ ಲಾಡ್ಜಿನಲ್ಲಿ ಜೊತೆಗಾರರನ್ನು ವಿಚಾರಿಸಿ. ಆಟೋ ಆದರೆ ಮೊದಲು ಪಟ್ಟದಕಲ್ಲು: ವಿರೂಪಾಕ್ಷ ಗುಡಿ ಪೂರ್ವಕ್ಕೆ, ಮಲಪ್ರಭೆಯ ಕಡೆಗೆ ಮುಖ ಮಾಡಿದೆ, ಬೆಳಗಿನ ಬೆಳಕು ಬಾಗಿಲಿನಿಂದ ಕಂಬಗಳವರೆಗೆ ಬರುತ್ತದೆ, ಆ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಪಟ್ಟಿಕೆಗಳು ಟಾರ್ಚಿಲ್ಲದೆ ಕಾಣುತ್ತವೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇದು. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಯುನೆಸ್ಕೋ ಪಟ್ಟಿಗೆ ಸೇರಿದ್ದು 1987ರಲ್ಲಿ. ಬಸ್ಸಿನಲ್ಲಿ ಹೋಗುವವರು ಕ್ರಮ ತಿರುಗಿಸಿ, ಮೊದಲು ಐಹೊಳೆಗೆ ಹೋಗಿ. ಅಲ್ಲಿಂದ ಮರಳುವ ಬಸ್ಸುಗಳು ವಿರಳ, ಹೊತ್ತು ಕಳೆದಂತೆ ಇನ್ನೂ ವಿರಳ. ಐಹೊಳೆಯಲ್ಲಿ ಇಳಿದ ಕೂಡಲೇ ಮರಳುವ ಬಸ್ಸಿನ ಹೊತ್ತು ಕೇಳಿಟ್ಟುಕೊಂಡು, ದುರ್ಗ ಗುಡಿಯ ಆವರಣಕ್ಕೆ ನುಗ್ಗುವ ಮೊದಲು ಮೇಗುತಿ ಗುಡ್ಡ ಹತ್ತಿ. ಬಿಸಿಲೇರಿದ ಮೇಲೆ ಅದು ಕಷ್ಟ, ದುರ್ಗ ಗುಡಿಯ ಸುತ್ತಿನ ಪಡಸಾಲೆಯಾದರೋ ನೆರಳಿನಲ್ಲಿದೆ. ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯನ್ನು ಕೊಂಡಾಡುವ 634ರ ರವಿಕೀರ್ತಿಯ ಶಾಸನ ಆ ಗುಡ್ಡದ ಮೇಲಿನ ಮೇಗುತಿ ಜಿನಾಲಯದ ಗೋಡೆಯಲ್ಲಿದೆ.

ಮೂರನೇ ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ ಗುಹೆಗಳು. ನಾಲ್ಕಕ್ಕೆ ಒಂದೂವರೆ ತಾಸು ಸಾಕು. ಮೂರನೆಯದಕ್ಕೆ ಅರ್ಧ ಸಮಯ ಇಡಿ, ಮಂಗಳೇಶ ಹಾಕಿಸಿದ 578ರ ಶಾಸನ ಅಲ್ಲಿದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರಬಾರದು, ಒಳಗೆ ತಿಂಡಿ ಇರಲಿ ಬಿಡಲಿ ಮಂಗಗಳು ಕಸಿಯುತ್ತವೆ. ಮಧ್ಯಾಹ್ನ 5 ಕಿಲೋಮೀಟರ್ ದೂರದ ಬನಶಂಕರಿಯಲ್ಲಿ, ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಅವ್ವಂದಿರ ಹತ್ತಿರ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಮೊಸರು ಉಣ್ಣಿ. ಚಿಲ್ಲರೆ ನೋಟು ಇರಲಿ. ಜನವರಿಯಲ್ಲಿ ಬನದ ಹುಣ್ಣಿಮೆಯ ಜಾತ್ರೆ ಶುರುವಾದರೆ ಬಾದಾಮಿಯಲ್ಲಿ ಕೋಣೆ ಸಿಗುವುದಿಲ್ಲ, ಪಂಚಾಂಗ ನೋಡಿ ಹೊರಡಿ.

ಮನೆಗೆ ಬರಿಗೈಲಿ ಹೋಗುವಂತಿಲ್ಲ, ಹಾಗೆಂದು ಬೆಂಗಳೂರಿನಿಂದ ನಾಲ್ಕು ಮನೆಗೂ ಸಿಹಿ ಹೊರಲಾಗದು. ಒಂದೂರಿನದನ್ನು ಮುಂದಿನೂರಿಗೆ ಒಯ್ಯುವುದು ಸುಲಭ. ಹುಬ್ಬಳ್ಳಿಗೆ ಫಿಲ್ಟರ್ ಕಾಫಿಪುಡಿ ಬೇಡ, ಬಹಳ ಮನೆಗಳಲ್ಲಿ ಚಹಾವೇ ನಡೆಯುವುದು. ಮೈಸೂರು ಪಾಕು ಒಯ್ಯಿರಿ. ಧಾರವಾಡದ ಪೇಡೆ ಗದಗಕ್ಕೆ. ಖೋವಾ ಕೆಂಪಗಾಗುವಷ್ಟು ಹುರಿದಿರುವುದರಿಂದ ಹೊರಗಿಟ್ಟರೂ ವಾರದವರೆಗೆ ತಡೆಯುತ್ತದೆ, ಆದರೆ ಬಿಸಿಲಿನ ಬಸ್ಸಿನಲ್ಲಿ ಮುಚ್ಚಿದ ಡಬ್ಬಿ ಬೆವೆತರೆ ಬೂಸ್ಟು ಹಿಡಿಯುತ್ತದೆ, ಯಾವತ್ತು ಮಾಡಿದ್ದೆಂದು ಕೇಳಿ ಕೊಳ್ಳಿ. ಐಹೊಳೆಗೆ ದೂರವಿಲ್ಲದ ಅಮೀನಗಡದ ಕರದಂಟು ವಿಜಯಪುರಕ್ಕೆ: ಅಂಟು, ಬೆಲ್ಲ, ಒಣಕೊಬ್ಬರಿ, ಒಣಹಣ್ಣಿನ ಪಾಕವಾದ್ದರಿಂದ ಕೆಡುವ ಭಯವೇ ಇಲ್ಲ. ಗೆಳೆಯನ ತಾಯಿಗೋ ವೈನಿಗೋ (ಅತ್ತಿಗೆಗೋ) ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಒಂದು ತೆಗೆದುಕೊಂಡರೆ ಮಡಿಸಿ ಚೀಲದ ಮೂಲೆಗೆ ಹಾಕಬಹುದು. ಹೋಗಿಬರುವವರು ಹೆಂಗಸರಾದರೆ ಹೊರಡುವಾಗ ಉಡಿ ತುಂಬಿ ಅಂಥದೇ ಒಂದು ಖಣ, ತೆಂಗಿನಕಾಯಿ ಕೊಡುತ್ತಾರೆ. ಅಷ್ಟು ಜಾಗ ಖಾಲಿ ಇರಲಿ. ಬುತ್ತಿಯೆಂದು ಕೊಡುವ ಕಟಕ ರೊಟ್ಟಿಯನ್ನು ಚೀಲದೊಳಗೆ ತುರುಕಿದರೆ ಇಳಿಯುವಾಗ ಪುಡಿಯಾಗಿರುತ್ತದೆ, ಅರಿವೆಯಲ್ಲಿ ಕಟ್ಟಿಸಿ ಕೈಯಲ್ಲೇ ಹಿಡಿದುಕೊಳ್ಳಬೇಕು.

ವಿಜಯಪುರದ ಅಪವಾದ ಗೋಲ ಗುಂಬಜ್. ಮೊಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ನಡುವೆ ಒಂದು ಕಂಬವಿಲ್ಲ. ಒಂದನ್ನೊಂದು ಹಾಯುವ ಕಮಾನುಗಳು ಭಾರವನ್ನು ಗೋಡೆಗೆ ಇಳಿಸುತ್ತವೆ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಕಡಿದಾದ, ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಪಿಸುಗುಟ್ಟುವ ಮೊಗಸಾಲೆ. ಅಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ, ಏಕೆಂದರೆ ಸದ್ದು ಬಾಗಿದ ಗೋಡೆಗೆ ಅಂಟಿಕೊಂಡೇ ಸುತ್ತು ಬರುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರೇ ಹೋದವರು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸಿ ಇಳಿದುಬರುತ್ತಾರೆ. ಗೆಳೆಯನನ್ನು ಎಬ್ಬಿಸಿಕೊಂಡು ಬೆಳಿಗ್ಗೆ ಆರರ ಸುಮಾರಿಗೆ, ಬಾಗಿಲು ತೆರೆಯುವಾಗಲೇ ಹೋಗಿ. ತಡವಾದರೆ ಶಾಲೆಯ ಬಸ್ಸುಗಳು ಬರುತ್ತವೆ, ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಪಿಸುಮಾತಿಗೆ ಜಾಗವಿಲ್ಲ. ಒಂಬತ್ತರೊಳಗೆ ಇಳಿದು ಅವನು ಆಫೀಸಿಗೆ, ನೀವು ಇಬ್ರಾಹಿಂ ರೋಜಾಕ್ಕೆ. ಸುಮಾರು 55 ಟನ್ನಿನ ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು, ಅರ್ಧಕ್ಕೆ ನಿಂತ ಬಾರಾ ಕಮಾನು ಮಧ್ಯಾಹ್ನದೊಳಗೆ ಮುಗಿಯುತ್ತವೆ.

ಕಲಬುರಗಿಯಲ್ಲೂ ಗೆಳೆಯರಿದ್ದರೆ ವಿಜಯಪುರದಿಂದ ಸಿಂದಗಿ, ಜೇವರ್ಗಿ ಮೇಲೆ ಬಸ್ಸು ಇದೆ, ನಾಲ್ಕು ತಾಸು ಹಿಡಿಯಿರಿ. ಕೋಟೆಯೊಳಗಿನ 1367ರ ಜಾಮಿ ಮಸೀದಿ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ನೋಡಲು ಒಂದು ದಿನ ಬೇಕು. ಅಲ್ಲಿಂದ ಬೆಂಗಳೂರಿಗೆ 2024ರ ಮಾರ್ಚಿನಿಂದ ವಂದೇ ಭಾರತ್ ಓಡುತ್ತಿದೆ, ಆದರೆ ಹೊರಡುವುದು ಬೆಳಗಿನ ಜಾವ. ಬಿಡಲು ಬರುತ್ತೇನೆಂದು ಗೆಳೆಯ ಹಟ ಹಿಡಿಯುವ ಮೊದಲೇ, ಹಿಂದಿನ ಸಂಜೆ ಆಟೋದವರಿಗೆ ಹೇಳಿಟ್ಟಿರಿ. ವಿಜಯಪುರದಿಂದಲೇ ಮರಳುವವರಿಗೆ ಸಂಜೆಯ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಸಾಕು. ಸಂಜೆಯ ರೈಲು ಎಂದು ಮನೆಯಲ್ಲಿ ಮಧ್ಯಾಹ್ನವೇ ಹೇಳಿ, ಇಲ್ಲದಿದ್ದರೆ ರಾತ್ರಿಯ ರೊಟ್ಟಿಗೆ ನಿಮ್ಮನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ.